ಚೆನ್ನಯಣ್ಣನ ಕುರ್ಚಿ

ದೇಜಪ್ಪ ಬೆಳಗ್ಗೆ ಟ್ರಂಪೆಟ್ ಊದುವುದು ಬಟ್ಟೆಯ ಕಪಾಟಿನೊಳಗೆ. ಡೊಂಬಿವಲಿಯ ಆ ಕಟ್ಟಡಕ್ಕೆ ಬಂದ ಹೊಸತರಲ್ಲಿ ಕೆಳಗಿನ ಮನೆಯ ಜೋಶಿ ಮೇಷ್ಟ್ರು ಕಿವಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. ಆಮೇಲೆ ಹೆಂಡತಿ ಜಯಲತಾ ಕಂಡುಹಿಡಿದ ಉಪಾಯ ಇದು. ಕಪಾಟಿನ ಬಾಗಿಲು ತೆರೆದು, ತೂಗುಹಾಕಿದ ಸೀರೆಗಳ ನಡುವೆ ಟ್ರಂಪೆಟಿನ ಬಾಯಿ ತೂರಿಸಿ ಊದಿದರೆ ಸ್ವರ ಬಟ್ಟೆಗಳೊಳಗೇ ಇಂಗಿಹೋಗುತ್ತಿತ್ತು. "ನನ್ನ ಸೀರೆಗಳಿಗೆ ಇವರಿಗಿಂತ ಜಾಸ್ತಿ ಸಂಗೀತ ಗೊತ್ತುಂಟು," ಎಂದು ಜಯಲತಾ ಬಂದ ನೆಂಟರ ಮುಂದೆಲ್ಲ ಹೇಳುತ್ತಿದ್ದಳು.

ಆ ಬೆಳಗ್ಗೆಯೂ ಅವನು ಹಾಗೆಯೇ ನಿಂತು ಉದ್ದ ಸ್ವರಗಳನ್ನು ಹಿಡಿಯುತ್ತಿದ್ದ. ಮೇಲಿನ ಸಾಲಿನ ಮುಂದಿನ ಹಲ್ಲು ಮತ್ತೆ ಒಳಕ್ಕೆ ಸರಿದಂತಾಯಿತು. ಊದುವುದು ತುಟಿಯೇ ಹೌದು, ಆದರೆ ತುಟಿಗೆ ಬೆನ್ನು ಕೊಡುವುದು ಹಲ್ಲು. ಹಲ್ಲು ಅಲ್ಲಾಡಿದರೆ ಸ್ವರವೂ ಅಲ್ಲಾಡುತ್ತದೆ. ಕೀಳಲೇಬೇಕು ಎಂದು ಹಲ್ಲಿನ ಡಾಕ್ಟರು ಹೇಳಿ ಆಗಿತ್ತು. ಕಟ್ಟಿಸಿದ ಹಲ್ಲಿನಲ್ಲಿ ಊಟ ಮಾಡಬಹುದು, ನಗಬಹುದು. ಟ್ರಂಪೆಟ್ ಊದಿ ನಿಭಾಯಿಸಿದವರನ್ನು ಮಾತ್ರ ದೇಜಪ್ಪ ಕಂಡಿರಲಿಲ್ಲ. ಈ ವರ್ಷದ ಮದುವೆಗಳು ಕಳೆಯಲಿ ಎಂದು ಅವನು ಡಾಕ್ಟರರಲ್ಲಿ ಸಮಯ ಕೇಳಿಕೊಂಡು ಬಂದಿದ್ದ. ಸ್ಟುಡಿಯೋಗಳಲ್ಲಿ ಕೆಲಸ ನಿಂತ ಮೇಲೆ ಉಲ್ಹಾಸನಗರದ ಒಂದು ಬ್ಯಾಂಡ್ ಪಾರ್ಟಿಯೇ ಅವನಿಗೆ ಆಸರೆಯಾಗಿತ್ತು.

ಟ್ರಂಪೆಟನ್ನು ಹಾಸಿಗೆಯ ಮೇಲಿಟ್ಟು ಹಲ್ಲನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಾಗ ಸಂಕರ್ಷಣನ ಫೋನು ಬಂತು. ಸಂಕರ್ಷಣ ಉಡುಪಿಯ ಕಡೆಯವನು. ಠಾಣೆಯಲ್ಲಿ ಅಪ್ಪನ ಕೇಟರಿಂಗ್ ಬಿಟ್ಟು, ಹಳೆಯ ಸಿನಿಮಾ ಹಾಡುಗಳ ಕಾರ್ಯಕ್ರಮ ನಡೆಸುತ್ತಿದ್ದ.

"ದೇಜಪ್ಪಣ್ಣ, ಡೊಂಬಿವಲಿಯಲ್ಲೇ ದೊಡ್ಡ ಶೋ ಉಂಟು. ಕೀಬೋರ್ಡಿನಲ್ಲಿ ಟ್ರಂಪೆಟ್ ಬಾರಿಸಿದ್ರೆ ಜನ ಈಗ ಒಪ್ಪುದಿಲ್ಲ ಮಾರಾಯ್ರೇ, ಅಸಲಿ ಬೇಕು ಅಂತಾರೆ. ಆ ಹಾಡಿನ ಶುರುವಿನ ಪೀಸು ನೀವೇ ಊದಿದ್ದಲ್ವಾ?"

ಯಾವ ಹಾಡೆಂದು ದೇಜಪ್ಪ ಕೇಳಲಿಲ್ಲ. ಅವನನ್ನು ಯಾರು ಕೇಳಿದರೂ ಅದೊಂದೇ ಹಾಡು.

"ನನ್ನದು ಸೆಕೆಂಡು. ಫಸ್ಟ್ ಚೆನ್ನಯಣ್ಣನದು."

"ಅವರಿಗೆ ಲಕ್ವಾ ಹೊಡೆದು ಮಲಗಿದ್ದಾರಲ್ಲ, ಪಾಪ. ಈಗ ನೀವೇ ಫಸ್ಟು. ಸೆಕೆಂಡಿಗೆ ನಿಮ್ಮ ಅಳಿಯ ಯತಿನನನ್ನು ಕರೀತೇನೆ. ಆಯ್ತಲ್ಲ?"

"ನೋಡಿ ಹೇಳ್ತೇನೆ," ಎಂದು ದೇಜಪ್ಪ ಫೋನು ಇಟ್ಟ.

ಆ ಹಾಡು ಶುರುವಾಗುವುದೇ ಎರಡು ಟ್ರಂಪೆಟಿನಿಂದ. ಎರಡೂ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಮೇಲೆ ಹತ್ತುತ್ತವೆ, ತುದಿಯಲ್ಲಿ ಫಸ್ಟ್ ಒಂದು ಉದ್ದ ಸ್ವರ ಹಿಡಿದು ನಿಲ್ಲುತ್ತದೆ. ಅದು ನಿಂತಿರುವಾಗ ಸೆಕೆಂಡ್ ಮಾತ್ರ ಕೆಳಗೆ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಆಮೇಲೆ ಹಾಡುವವನ ದನಿ. ಹಾಡು ಬಂದ ವರ್ಷ ಅದನ್ನು ರಿಕ್ಷಾದವರಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಎಲ್ಲರೂ ಬಾಯಲ್ಲಿ ಊದುತ್ತಿದ್ದರು. ಆದರೆ ಅವರೆಲ್ಲ ಊದುತ್ತಿದ್ದುದು ಚೆನ್ನಯನ ಸ್ವರವನ್ನು. ಕೇಳುವವರ ಕಿವಿ ಯಾವತ್ತೂ ಮೇಲಿನದನ್ನೇ ಹಿಡಿಯುತ್ತದೆ. ಕೆಳಗಿನದು ಮದುಮಗನ ಪಕ್ಕದಲ್ಲಿ ನಿಂತವನ ಹಾಗೆ. ಫೋಟೋದಲ್ಲಿ ಇರುತ್ತಾನೆ, ಹೆಸರು ಯಾರೂ ಕೇಳುವುದಿಲ್ಲ.

ಹಾಗೆಂದು ದೇಜಪ್ಪನಿಗೆ ಕೊರಗು ಇದ್ದಿರಲಿಲ್ಲ. ಇಬ್ಬರೂ ತುಳುನಾಡಿನ ಬೆಳ್ಮಣ್ಣಿನ ಕಡೆಯವರು. ಇಬ್ಬರ ಮನೆಯೂ ದೈವಸ್ಥಾನದ ವಾದ್ಯದ ಮನೆ. ಚೆನ್ನಯ ಮೊದಲು ಮುಂಬಯಿಗೆ ಬಂದು, ಒಂದು ಬ್ಯಾಂಡಿನಲ್ಲಿ ಗೋವಾದ ಮಾಸ್ಟರರ ಕೈಕೆಳಗೆ ಟ್ರಂಪೆಟ್ ಕಲಿತು, ಸ್ಟುಡಿಯೋ ಸೇರಿದ. ಹಿಂದಿನಿಂದ ಬಂದ ದೇಜಪ್ಪನಿಗೆ ಅವನೇ ಕಲಿಸಿದ, ಅವನೇ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡ. ಆಮೇಲೆ ಮೂವತ್ತು ವರ್ಷ ಅವರು ಅಕ್ಕಪಕ್ಕದ ಕುರ್ಚಿಗಳಿಂದ ಏಳಲಿಲ್ಲ. ಚೆನ್ನಯ ಯಾವಾಗ ಉಸಿರು ತೆಗೆಯುತ್ತಾನೆ ಎಂಬುದು ಅವನ ಭುಜ ನೋಡದೆಯೇ ದೇಜಪ್ಪನಿಗೆ ತಿಳಿಯುತ್ತಿತ್ತು. ಹಾಡಿಗೆ ವಾದ್ಯ ಹೊಂದಿಸುವ ಅರೇಂಜರರು ನೊಟೇಶನ್ ಹಂಚುವಾಗ "ಚೆನ್ನಯ-ದೇಜಪ್ಪ" ಎಂದು ಒಂದೇ ಉಸಿರಿನಲ್ಲಿ ಕರೆಯುತ್ತಿದ್ದರು.

ಈಗ ಹಲ್ಲು ಹೋಗುತ್ತದೆ ಎಂದಾದಾಗ, ಇದುವರೆಗೆ ಬಾರದಿದ್ದ ಆಸೆ ಬಂದಿತ್ತು. ಒಮ್ಮೆ, ಒಂದೇ ಒಂದು ಸಲ, ಆ ಮೇಲಿನ ಸ್ವರವನ್ನು ತಾನು ಹಿಡಿಯಬೇಕು. ಆ ಹಾಡಿನಲ್ಲಿ, ಜನರ ಮುಂದೆ, ಫಸ್ಟಿನ ಕುರ್ಚಿಯಲ್ಲಿ ಕೂತು.

"ಹಾಗಾದ್ರೆ ಹೂಂ ಹೇಳಿ," ಎಂದಳು ಜಯಲತಾ. ಅವಳು ಮುಳ್ಳುಸೌತೆ ಹೆಚ್ಚುತ್ತಿದ್ದಳು. "ಅದಕ್ಕೆ ಎಂತ ಹೀಗೆ ಮುಖ ಸಣ್ಣ ಮಾಡುದು?"

"ಚೆನ್ನಯಣ್ಣ ಬದುಕಿದ್ದಾರಲ್ಲ."

"ಬದುಕಿದ್ದಾರೆ. ಊದುದಿಲ್ಲ."

"ಊದದಿದ್ರೂ ಕುರ್ಚಿ ಅವರದ್ದೇ. ಕೇಳದೆ ಕೂರುದು ಹೇಗೆ?"

"ಫೋನ್ ಮಾಡಿ ಕೇಳಿ."

"ಅವರಿಗೆ ಮಾತು ಬರ್ತದಾ, ಫೋನಲ್ಲಿ ಉತ್ತರ ಹೇಳ್ಲಿಕ್ಕೆ? ಇದೆಲ್ಲ ಫೋನಲ್ಲಿ ಕೇಳುವ ವಿಷಯವಾ?"

ಊರಲ್ಲಿ ಅವರ ಮನೆಗಳಲ್ಲಿ ಇದಕ್ಕೊಂದು ಕ್ರಮ ಇತ್ತು. ದೈವಕ್ಕೆ ನಡೆಯುವ ನೇಮದ ದಿನ ಮುಂದಿನ ವಾದ್ಯ ಹಿಡಿಯುವ ಹಕ್ಕು ಹಿರಿಯನದು. ಅವನಿಗೆ ಪ್ರಾಯವಾಗಿ ಕೈಲಾಗದೆ ಹೋದರೆ, ಕಿರಿಯವನು ಐದು ವೀಳ್ಯದೆಲೆ, ಒಂದು ಅಡಿಕೆ ತಟ್ಟೆಯಲ್ಲಿಟ್ಟು ತಂದು ಅವನ ಮುಂದೆ ಇಡಬೇಕು. ತುಳುವಿನಲ್ಲಿ ಅದಕ್ಕೆ ಬೂಳ್ಯ ಎನ್ನುತ್ತಾರೆ. ಹಿರಿಯನು ಅದನ್ನು ಕೈಗೆತ್ತಿಕೊಂಡು ತಿರುಗಿ ಕಿರಿಯವನ ಕೈಗೆ ಕೊಟ್ಟರೆ ವಾದ್ಯ ಅವನದಾಯಿತು. ಎಲೆ ತಟ್ಟೆಯಲ್ಲೇ ಉಳಿದರೆ ಇಲ್ಲ ಎಂದು ಅರ್ಥ. ಬಾಯಿ ಬಿಟ್ಟು ಯಾರೂ ಏನೂ ಹೇಳುವುದಿಲ್ಲ, ಜಗಳವೂ ಆಗುವುದಿಲ್ಲ. ದೇಜಪ್ಪನ ಅಪ್ಪ ಚೆನ್ನಯನ ಅಪ್ಪನ ಮುಂದೆ ಹಾಗೆ ಎಲೆ ಇಟ್ಟಿದ್ದನ್ನು ಇಬ್ಬರೂ ಹುಡುಗರಾಗಿದ್ದಾಗ ನೋಡಿದ್ದರು. ಸ್ಟುಡಿಯೋದಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ಚೆನ್ನಯ ಹೊಸ ವರ್ಷದ ಮೊದಲ ರೆಕಾರ್ಡಿಂಗಿಗೆ ಹೋಗುವಾಗ ಕಿಸೆಯಲ್ಲಿ ಒಂದು ಎಲೆ ಇಟ್ಟುಕೊಳ್ಳುವುದನ್ನು ಕೊನೆಯವರೆಗೂ ಬಿಟ್ಟಿರಲಿಲ್ಲ.

ಮಂಗಳವಾರ ಬಿಟ್ಟು ಬುಧವಾರ ಟಿಟ್ವಾಳಾಕ್ಕೆ, ಚೆನ್ನಯನ ಮನೆಗೆ ಹೊರಟ. ಮಂಗಳವಾರ ಟಿಟ್ವಾಳಾದ ಗಣಪತಿಗೆ ಜನವೋ ಜನ, ಲೋಕಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸ್ಟೇಷನ್ನಿನ ಹತ್ತಿರದ ಮಾರ್ಕೆಟ್ಟಿನಲ್ಲಿ ಎಳೆಯ ಎಲೆಗಳನ್ನೇ ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡ. ಕಲ್ಯಾಣ ದಾಟಿದ ಮೇಲೆ ಗಾಡಿ ಖಾಲಿಯಾಯಿತು. ಶಹಾಡ್‌, ಅಂಬಿವಲಿ ಕಳೆಯುತ್ತ ಹೋದ ಹಾಗೆ ಕಿಟಕಿಯಾಚೆ ಹುಲ್ಲು ಒಣಗಿದ ಗದ್ದೆಗಳು, ಎಮ್ಮೆಗಳು, ಅವುಗಳ ನಡುವೆ ಒಂದೊಂದು ಹೊಸ ಟವರು ಕಾಣಿಸಿಕೊಂಡವು. ಕೊಯ್ಲು ಮುಗಿದ ಗದ್ದೆ ಕಂಡಾಗಲೆಲ್ಲ ದೇಜಪ್ಪ ಕುತ್ತಿಗೆ ತಿರುಗಿಸಿ ಅದು ಹಿಂದೆ ಹೋಗುವವರೆಗೆ ನೋಡುತ್ತಿದ್ದ. ಚೆನ್ನಯ ಈ ಕಡೆ ಮನೆ ತೆಗೆದುಕೊಂಡದ್ದೂ ಅದಕ್ಕೇ. ಕಿಟಕಿ ತೆರೆದರೆ ಭತ್ತದ ವಾಸನೆ ಬರ್ತದೆ ಮಾರಾಯ, ಎಂದಿದ್ದ.

ಬಾಗಿಲು ತೆಗೆದವಳು ಚೆನ್ನಯನ ಹೆಂಡತಿ ದಮಯಂತಿ. "ಬನ್ನಿ, ಬನ್ನಿ. ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ದು? ಗಣೇಶ ಚೌತಿಗೆ ಬಂದವರು ಈಗ ಬರುದು."

"ಬರ್ಬೇಕು ಬರ್ಬೇಕು ಅಂತ ಇದ್ದೆ ಅಕ್ಕ."

"ಎಲ್ಲ ಹಾಗೇ ಹೇಳುದು. ಒಳಗೆ ಇದ್ದಾರೆ, ಹೋಗಿ. ನಾನು ಚಾ ಇಡ್ತೇನೆ."

ಚೆನ್ನಯ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದ. ಬಲಗಡೆಯ ಕೆನ್ನೆ ಜೋತು, ತುಟಿಯ ಬಲ ತುದಿ ಕೆಳಗೆ ಇಳಿದಿತ್ತು. ಬಲಗೈ ಹೊದಿಕೆಯ ಕೆಳಗಿತ್ತು. ದೇಜಪ್ಪನನ್ನು ಕಂಡು ಅವನು ಎಡಗೈ ಎತ್ತಿದ. ಹತ್ತಿರ ಬಂದವನ ಮೊಣಕೈ ಹಿಡಿದು ಅಲ್ಲಾಡಿಸಿದ. ಬಾಯಿಂದ "ಆ… ಆ…" ಎಂದು ಮಾತ್ರ ಬಂತು. ಎಡಗೈಯಲ್ಲೇ ಟವೆಲು ಎತ್ತಿ ತುಟಿ ಒರೆಸಿಕೊಂಡ, ಎಡಗೈಯಲ್ಲೇ ಕುರ್ಚಿ ತೋರಿಸಿದ. ಅಂಥ ತುಟಿಗೆ ಹೀಗಾಯಿತಲ್ಲ ಎಂದು ದೇಜಪ್ಪನಿಗೆ ಪ್ರತಿ ಸಲ ಬಂದಾಗಲೂ ಅನಿಸುತ್ತಿತ್ತು. ಅದನ್ನು ನೋಡಲಾಗದೆಯೇ ಬರುವುದು ಕಡಿಮೆ ಮಾಡಿದ್ದ.

ಸಂಕರ್ಷಣನ ಶೋ, ಲೈವ್ ಆರ್ಕೆಸ್ಟ್ರಾ, ಆ ಹಾಡು, ತನ್ನ ಹಲ್ಲು, ಎಲ್ಲ ಹೇಳಿದ. ಚೆನ್ನಯ ಕಣ್ಣು ಮಿಟುಕಿಸದೆ ಕೇಳಿದ. ಆಮೇಲೆ ದೇಜಪ್ಪ ಮೇಜಿನ ಮೇಲಿದ್ದ ಸ್ಟೀಲ್ ತಟ್ಟೆಯನ್ನು ಒರೆಸಿ, ಬಟ್ಟೆ ಬಿಚ್ಚಿ, ಐದು ಎಲೆ ಹರಡಿ, ಮೇಲೆ ಅಡಿಕೆ ಇಟ್ಟು, ಎರಡೂ ಕೈಯಲ್ಲಿ ಎತ್ತಿ ಅವನ ಮಡಿಲ ಹತ್ತಿರ ಇಟ್ಟ.

"ಚೆನ್ನಯಣ್ಣ, ಒಂದು ಸಲಕ್ಕೆ. ನೀವು ಕೊಟ್ಟರೆ ಮಾತ್ರ."

ಚೆನ್ನಯ ಎಲೆಯನ್ನು ನೋಡಿದ. ಅವನ ಕಣ್ಣು ತುಂಬಿತು. ಎಡಗೈ ಹೊದಿಕೆಯ ಮೇಲಿಂದ ಎದ್ದು ತಟ್ಟೆಯವರೆಗೆ ಬಂತು. ಎಲೆಗೆ ಇನ್ನೇನು ತಾಗಬೇಕು ಎನ್ನುವಾಗ ಗಕ್ಕನೆ ನಿಂತಿತು, ಮುಷ್ಟಿಯಾಯಿತು, ಹಿಂದೆ ಹೋಯಿತು. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ.

ದೇಜಪ್ಪ ಕಾದ. ಅಡುಗೆಮನೆಯಲ್ಲಿ ಚಾ ಕುದಿಯುವ ಸದ್ದು ಕೇಳುತ್ತಿತ್ತು. ಗೋಡೆಯ ಕಡೆ ತಿರುಗಿದ ಮುಖ ತಿರುಗಲಿಲ್ಲ. ದಮಯಂತಿ ಚಾ ತಂದಾಗ ದೇಜಪ್ಪ ಎದ್ದುನಿಂತು ಎರಡು ಗುಟುಕು ಕುಡಿದು ಲೋಟ ಇಟ್ಟ. "ಗಾಡಿಗೆ ಹೊತ್ತಾಯಿತು ಅಕ್ಕ," ಎಂದ. ಮಧ್ಯಾಹ್ನದ ಹೊತ್ತು ಯಾವ ಗಾಡಿಗೆ ಇಷ್ಟು ಅವಸರ ಎಂದು ಅವಳು ಕೇಳುವುದರೊಳಗೆ ಚಪ್ಪಲಿ ಹಾಕಿಕೊಂಡಿದ್ದ. ತಟ್ಟೆಯನ್ನು ಮುಟ್ಟಲಿಲ್ಲ. ಹಿರಿಯನು ಬಿಟ್ಟ ಎಲೆಯನ್ನು ಕಿರಿಯವನು ವಾಪಸು ಕೊಂಡುಹೋಗುವ ಕ್ರಮ ಇಲ್ಲ.

ಮನೆಗೆ ಬಂದು, "ಕೊಡ್ಲಿಲ್ಲ," ಎಂದಷ್ಟೇ ಹೇಳಿದ. ಮರುದಿನ ಬೆಳಗ್ಗೆ ಕಪಾಟಿನ ಬಾಗಿಲು ತೆರೆಯಲಿಲ್ಲ. ಆ ನಂತರದ ದಿನವೂ ಇಲ್ಲ. ಅವನಿಗೆ ಸಿಟ್ಟು ಬಂದಿರಲಿಲ್ಲ. ಕೊಡದೆ ಇರುವುದು ಹಿರಿಯನ ಹಕ್ಕು. ಆದರೆ ಮೂವತ್ತು ವರ್ಷ ಪಕ್ಕದಲ್ಲಿ ಕೂತರೂ, ಒಂದು ಹಾಡು ಬಿಟ್ಟುಕೊಡುವಷ್ಟು ಹತ್ತಿರದವನು ತಾನು ಆಗಿರಲಿಲ್ಲವೇ ಎಂಬುದು ಒಳಗೆ ಕೂತು ಕೊರೆಯುತ್ತಿತ್ತು.

ಮೊದಲ ರಿಹರ್ಸಲ್ ಕಲ್ಯಾಣದ ಒಂದು ಶಾಲೆಯ ಹಾಲಿನಲ್ಲಿ ಇತ್ತು. ಹೋಗದೆ ಇರಲು ಆಗಲಿಲ್ಲ, ಸಂಕರ್ಷಣ ಮತ್ತೆ ಫೋನು ಮಾಡಿದಾಗ ಬರುತ್ತೇನೆ ಎಂದಷ್ಟೇ ಹೇಳಿದ್ದನಲ್ಲ. ದೇಜಪ್ಪ ತನ್ನ ಕುರ್ಚಿಯ ಬಲಕ್ಕೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತ. ಯತಿನ ಅವನ ಎಡಕ್ಕೆ ಕೂತ. ಯತಿನ ದೇಜಪ್ಪನ ತಂಗಿಯ ಮಗ, ಉಲ್ಹಾಸನಗರದ ಅದೇ ಬ್ಯಾಂಡಿನಲ್ಲಿ ಈಗ ಅವನದೇ ಮೊದಲ ಟ್ರಂಪೆಟ್. ಇಲ್ಲೇ ಹುಟ್ಟಿ ಬೆಳೆದವನು. ಕನ್ನಡ ತುಳು ಎರಡೂ ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ ಎಲ್ಲವೂ ಕಲಸಿಕೊಂಡು ಬರುತ್ತಿತ್ತು.

ಸಂಕರ್ಷಣ ಬಂದು ನೋಡಿದ. "ಈ ಖಾಲಿ ಕುರ್ಚಿ ಯಾರಿಗೆ?"

"ಚೆನ್ನಯಣ್ಣ ಬಿಟ್ಟುಕೊಡ್ಲಿಲ್ಲ."

"ಅವರು ಬರುದೂ ಇಲ್ಲ, ಬಿಡುದೂ ಇಲ್ಲ ಅಂದ್ರೆ ನನ್ನ ಹಾಡು ಶುರು ಮಾಡುದು ಯಾರು, ಗೇಟಿನ ವಾಚ್‌ಮನ್ನಾ?"

ವಯೊಲಿನ್ನಿನವರು ನಕ್ಕರು. ದೇಜಪ್ಪ ನಗಲಿಲ್ಲ. "ಯತಿನ ಊದಲಿ. ಅವನಿಗೆ ಈ ಕ್ರಮ ತಾಗುದಿಲ್ಲ. ನಾನು ಸೆಕೆಂಡ್ ಊದ್ತೇನೆ."

"ಮಾಮ, ಮೊಬೈಲಲ್ಲಿ ಸುನ್‌ಕೇ ನೋಡಿದೆ," ಎಂದ ಯತಿನ. "ಎರಡೂ ಮಿಕ್ಸ್ ಆಗಿದೆ, ಮೇಲಿನದು ಎಲ್ಲಿ ಉಸಿರು ತೆಗೀತದೆ ಠೀಕ್ ಗೊತ್ತಾಗುದಿಲ್ಲ. ನೀವು ಒಂದ್ಸಲ ಫಸ್ಟ್ ಊದಿ ತೋರಿಸಿ, ನಾನು ಪಕಡ್ತೇನೆ."

ತೋರಿಸುವುದಕ್ಕೆ ಅಡ್ಡಿಯಿಲ್ಲ ಎಂದು ದೇಜಪ್ಪ ಟ್ರಂಪೆಟ್ ಎತ್ತಿದ. ಕಣ್ಣು ಮುಚ್ಚಿ ಊದಿದ. ಮುಗಿಸಿ ಕಣ್ಣು ತೆರೆದಾಗ ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಇದು ಯಾವ ಹಾಡು?" ಎಂದು ಸಂಕರ್ಷಣ ಕೇಳಿದ.

ದೇಜಪ್ಪ ಊದಿದ್ದು ಸೆಕೆಂಡ್. ಒಂಟಿಯಾಗಿ ಕೇಳಿದಾಗ ಅದು ಯಾವ ಹಾಡಿನದೂ ಆಗಿರಲಿಲ್ಲ. ಅವನು ಮತ್ತೆ ಎತ್ತಿದ. ಕಿವಿಯೊಳಗೆ ಚೆನ್ನಯನ ಸ್ವರ ನಿಚ್ಚಳವಾಗಿ ಕೇಳುತ್ತಿತ್ತು. ಅದನ್ನೇ ಹಿಡಿದು ಹೊರಟರೂ ನಾಲ್ಕು ಸ್ವರ ಹೋಗುವುದರೊಳಗೆ ತುಟಿ ತಾನಾಗಿ ಸಡಿಲವಾಗಿ ಕೆಳಗಿನ ದಾರಿ ಹಿಡಿಯುತ್ತಿತ್ತು, ಸಂಜೆ ಬಿಟ್ಟ ದನ ತನ್ನ ಹಟ್ಟಿಗೇ ಹೋಗುವ ಹಾಗೆ. ಎಷ್ಟು ಸಲ ಪ್ರಯತ್ನಿಸಿದರೂ ಅದೇ ಆಯಿತು. ಕಿವಿಗೆ ಗೊತ್ತಿದ್ದದ್ದು ತುಟಿಗೆ ಗೊತ್ತಿರಲಿಲ್ಲ.

"ಮುಂದಿನ ರಿಹರ್ಸಲ್ಲಿಗೆ ಈ ಕುರ್ಚಿಯಲ್ಲಿ ಯಾರಾದ್ರೂ ಕೂತಿರ್ಬೇಕು," ಎಂದ ಸಂಕರ್ಷಣ. ದನಿ ಮೆತ್ತಗಾಗಿತ್ತು. "ನೀವಾ ಯತಿನನಾ, ನನಗೆ ಗೊತ್ತಿಲ್ಲ ದೇಜಪ್ಪಣ್ಣ."

ಕಲ್ಯಾಣ ಸ್ಟೇಷನ್ನಿನ ಸೇತುವೆ ಇಳಿಯುವಾಗ ಯತಿನ ಮಾವನ ಟ್ರಂಪೆಟಿನ ಪೆಟ್ಟಿಗೆಯನ್ನೂ ತಾನೇ ಹಿಡಿದುಕೊಂಡ. "ಮಾಮ, ಬುರಾ ಮತ್ ಮಾನೋ, ಬೇಸರ ಮಾಡ್ಬೇಡಿ. ಪಾನ್‌ನ ಎಲೆಗೆ ಇಷ್ಟು ಟೆನ್ಷನ್ ಯಾಕೆ? ನಮ್ಮ ಬ್ಯಾಂಡಿನಲ್ಲಿ ಯಾರು ಮೊದಲು ಬಂದು ಒಳ್ಳೆ ಯೂನಿಫಾರ್ಮ್ ಹಾಕ್ತಾನೋ ಅವನೇ ಫಸ್ಟು."

"ಅದಕ್ಕೇ ನಮ್ಮ ಬ್ಯಾಂಡು ಹಾಗಿರುದು," ಎಂದ ದೇಜಪ್ಪ. ಯತಿನ ಗಟ್ಟಿಯಾಗಿ ನಕ್ಕ. ದೇಜಪ್ಪನಿಗೂ ಸ್ವಲ್ಪ ನಗು ಬಂತು. ಡೊಂಬಿವಲಿಯಲ್ಲಿ ಇಳಿದು ಒಬ್ಬನೇ ಮನೆಗೆ ನಡೆಯುವಾಗ, ನಾಳೆಯೇ ಹೋಗಿ ಹಲ್ಲು ಕೀಳಿಸಿಬಿಡುವುದು ಎಂದು ನಿಶ್ಚಯಿಸಿದ.

ಆದರೆ ಬೆಳಗ್ಗೆ ಜಯಲತಾ ಫೋನು ಹಿಡಿದುಕೊಂಡು ಬಂದು ಅವನ ಕೈಗೆ ಕೊಟ್ಟಳು. ದಮಯಂತಿಯ ಫೋನು.

"ದೇಜಪ್ಪಣ್ಣ, ನೀವು ಅವತ್ತು ಎಂತ ಮಾಡಿ ಹೋದ್ರಿ? ಇವರು ಸರಿಯಾಗಿ ಊಟ ಮಾಡುದಿಲ್ಲ. ಆ ತಟ್ಟೆ ತೆಗೀಲಿಕ್ಕೆ ಹೋದ್ರೆ ಬೊಬ್ಬೆ ಹೊಡೀತಾರೆ. ಎಲೆ ಒಣಗಿ ಹಪ್ಪಳ ಆಗಿದೆ, ಹಾಸಿಗೆಯಲ್ಲೇ ಇಟ್ಕೊಂಡು ಕೂತಿದ್ದಾರೆ. ಇವತ್ತೇ ಬನ್ನಿ. ವಾದ್ಯ ತನ್ನಿ."

ಅವನು ಹೋದಾಗ ದಮಯಂತಿ ಚಾದ ಮಾತೆತ್ತಲಿಲ್ಲ. ನೇರ ಒಳಗೆ ಕರೆದುಕೊಂಡು ಹೋದಳು. ಚೆನ್ನಯ ದಿಂಬಿಗೆ ಒರಗಿ ಕೂತಿದ್ದ. ತಟ್ಟೆ ಮಡಿಲ ಹತ್ತಿರ ಇಟ್ಟಲ್ಲೇ ಇತ್ತು. ಎಲೆಗಳು ಕಂದುಬಣ್ಣಕ್ಕೆ ತಿರುಗಿ ಅಂಚು ಸುರುಟಿಕೊಂಡಿದ್ದವು.

"ಕೂತ್ಕೊಳ್ಳಿ," ಎಂದಳು ದಮಯಂತಿ. "ನನಗೆ ಅವತ್ತು ಗೊತ್ತಾಗ್ಲಿಲ್ಲ, ನಾನು ಒಳಗಿದ್ದೆ. ನಿನ್ನೆ ಇವರಿಗೆ ಸ್ನಾನ ಮಾಡಿಸುವಾಗ ಬಲಗೈ ಹಿಡಿದು ಒರೆಸ್ತಾ ಇದ್ದೆ. ಎಡಗೈಯಿಂದ ನನ್ನ ಕೈ ಹಿಡಿದು ತಟ್ಟೆ ಕಡೆ ತೋರಿಸ್ತಾರೆ, ಬಲಗೈ ತೋರಿಸ್ತಾರೆ, ಮತ್ತೆ ತಟ್ಟೆ ತೋರಿಸ್ತಾರೆ. ಆಗ ಹೊಳೆಯಿತು. ಎಡಗೈಯಲ್ಲಿ ಬೂಳ್ಯ ಮುಟ್ಟುದುಂಟಾ ದೇಜಪ್ಪಣ್ಣ? ಇವರ ಅಪ್ಪ ಇದ್ದಿದ್ರೆ ಕೈ ಮುರೀತಿದ್ರು."

ಚೆನ್ನಯ ಎಡಗೈಯಲ್ಲಿ ಟವೆಲು ಎತ್ತಿದ್ದು, ಕುರ್ಚಿ ತೋರಿಸಿದ್ದು, ತನ್ನ ಮೊಣಕೈ ಹಿಡಿದದ್ದು ಕಂಡು ಆ ಕೈಯಲ್ಲಿ ಎಲ್ಲವೂ ಆಗುತ್ತದೆ ಎಂದು ದೇಜಪ್ಪ ತಿಳಿದಿದ್ದ. ಮುಂಬಯಿಯ ಇಷ್ಟು ವರ್ಷದಲ್ಲಿ ಎಡ ಬಲ ಎಂಬುದು ಅವನ ತಲೆಯಿಂದ ಹೇಗೋ ಜಾರಿಹೋಗಿತ್ತು. ಅದೂ ಅಲ್ಲದೆ ಟ್ರಂಪೆಟಿನವನಿಗೆ ಎಡಗೈ ವಾದ್ಯವನ್ನೇ ಹಿಡಿದು ನಿಲ್ಲಿಸುವ ಕೈ. ಚೆನ್ನಯನ ತಲೆಯಿಂದ ಅದು ಜಾರಿರಲಿಲ್ಲ. ಕೊಡಲು ಮನಸ್ಸಿದ್ದೂ ಕೊಡುವ ಕೈ ಇಲ್ಲದೆ ಅವನು ಗೋಡೆಯ ಕಡೆ ತಿರುಗಿದ್ದ.

"ನಾನು ಬೇರೆ ಎಂತದೋ ಅಂದ್ಕೊಂಡೆ," ಎಂದ ದೇಜಪ್ಪ.

"ನೀವು ಎಂತ ಅಂದ್ಕೊಂಡ್ರಿ ಅಂತ ಇವರಿಗೂ ಗೊತ್ತಾಗಿದೆ. ಅದಕ್ಕೇ ಊಟ ಬಿಟ್ಟದ್ದು."

"ಹೊಸ ಎಲೆ ತರ್ತೇನೆ ಅಕ್ಕ. ಇದು ಒಣಗಿದೆ."

ಚೆನ್ನಯ ಜೋರಾಗಿ ತಲೆ ಅಲ್ಲಾಡಿಸಿದ. ತಟ್ಟೆಯ ಅಂಚನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.

"ಇದೇ ಸಾಕಂತೆ," ಎಂದಳು ದಮಯಂತಿ.

ಅವಳು ಹೊದಿಕೆ ಸರಿಸಿ ಗಂಡನ ಬಲಗೈಯನ್ನು ತನ್ನೆರಡು ಕೈಗಳಲ್ಲಿ ಎತ್ತಿಕೊಂಡಳು. ಬೆರಳುಗಳು ತಣ್ಣಗೆ ಒಳಕ್ಕೆ ಮಡಚಿಕೊಂಡಿದ್ದವು. ಒಂದೊಂದನ್ನೇ ಬಿಡಿಸಿ, ಎಲೆ ಪುಡಿಯಾಗದಂತೆ ಅಂಗೈಯಲ್ಲಿಟ್ಟು, ಅಡಿಕೆ ಇಟ್ಟು, ತನ್ನ ಕೈಯಿಂದ ಅವನ ಮುಷ್ಟಿ ಮುಚ್ಚಿದಳು. ದೇಜಪ್ಪ ಎದ್ದು ಬಗ್ಗಿ ಎರಡೂ ಕೈ ಒಡ್ಡಿದ. ಅವಳು ಆ ಕೈಯನ್ನು ನಿಧಾನವಾಗಿ ತಿರುಗಿಸಿದಳು. ಎಲೆಗಳು ದೇಜಪ್ಪನ ಬೊಗಸೆಗೆ ಬಿದ್ದವು, ಅಡಿಕೆಯೂ ಬಿತ್ತು. ಚೆನ್ನಯನ ಗಂಟಲಿನಿಂದ ಒಂದು ಸದ್ದು ಬಂತು. ದೇಜಪ್ಪ ಎಲೆ ಅಡಿಕೆಯನ್ನು ಕಣ್ಣಿಗೊತ್ತಿ ಕಿಸೆಯಲ್ಲಿಟ್ಟುಕೊಂಡ.

ಆಮೇಲೆ ಚೆನ್ನಯ ಎಡಗೈಯಿಂದ ಟ್ರಂಪೆಟಿನ ಪೆಟ್ಟಿಗೆ ತೋರಿಸಿದ.

ಟ್ರಂಪೆಟಿನ ಬಾಯಿಗೆ ಟವೆಲು ತುರುಕಿ ದೇಜಪ್ಪ ಊದಿದ. ನಾಲ್ಕನೆಯ ಸ್ವರಕ್ಕೆ ತುಟಿ ಕೆಳಗಿಳಿಯಿತು. ಚೆನ್ನಯ ಅವನ ತೋಳಿಗೆ ಫಟ್ಟನೆ ಹೊಡೆದ. ಮತ್ತೆ ಊದಿದ, ಮತ್ತೆ ಇಳಿಯಿತು, ಮತ್ತೆ ಏಟು ಬಿತ್ತು. "ಇನ್ನೂ ಇಬ್ಬರೂ ಹುಡುಗರೇ," ಎಂದಳು ದಮಯಂತಿ ಬಾಗಿಲಲ್ಲಿ ನಿಂತು. ಚೆನ್ನಯ ಅವನ ಮುಂಗೈಯನ್ನು ತನ್ನ ಹತ್ತಿರ ಎಳೆದುಕೊಂಡು, ಟ್ರಂಪೆಟಿನ ಮೂರು ಗುಂಡಿಗಳನ್ನು ಒತ್ತುವ ಹಾಗೆ ಮೂರು ಬೆರಳುಗಳನ್ನು ಅದರ ಮೇಲೆ ಆಡಿಸತೊಡಗಿದ. ಎಡಗೈ ಬೆರಳುಗಳು ಮೊದಲು ತಡವರಿಸಿದವು, ಆಮೇಲೆ ಓಡಿದವು. ಆದರೆ ಟ್ರಂಪೆಟಿನಲ್ಲಿ ಒಂದೇ ಗುಂಡಿಗೆ ನಾಲ್ಕಾರು ಸ್ವರಗಳು. ಯಾವುದು ಬರಬೇಕೆಂದು ಹೇಳುವುದು ತುಟಿ. ಅದನ್ನು ಚೆನ್ನಯ ಹುಬ್ಬಿನಲ್ಲಿ ಹೇಳಿದ. ಮೇಲಿನ ಸ್ವರ ಬಂದಾಗಲೆಲ್ಲ ಅವನ ಎಡ ಹುಬ್ಬು ಏರುತ್ತಿತ್ತು, ಇನ್ನೂ ಮೇಲಕ್ಕೆ ಗದ್ದ ಏಳುತ್ತಿತ್ತು. ತುದಿ ಹತ್ತುವ ಮೊದಲು ದೇಜಪ್ಪ ಅಭ್ಯಾಸದಂತೆ ಉಸಿರು ತೆಗೆಯಲು ಹೋದಾಗ ಚೆನ್ನಯ ಅಂಗೈಯನ್ನು ಅವನ ತೋಳಿಗೆ ಒತ್ತಿ ಹಿಡಿದ. ಅಲ್ಲಿ ಉಸಿರು ತೆಗೆಯುವುದು ಸೆಕೆಂಡಿನವನು. ಫಸ್ಟಿಗೆ ಅಲ್ಲಿ ಉಸಿರಿಲ್ಲ.

ಸಂಜೆಯ ಬಿಸಿಲು ಕಿಟಕಿಯಿಂದ ಇಳಿದು ಗದ್ದೆಯಾಚೆ ಹೋಗುವ ಹೊತ್ತಿಗೆ ದೇಜಪ್ಪ ಒಮ್ಮೆ ತುದಿಯವರೆಗೆ ಹೋದ. ಸ್ವರ ತೆಳುವಾಗಿತ್ತು, ನಿಲ್ಲುವಾಗ ಅಲ್ಲಾಡಿತು. ಆದರೂ ಅದು ಆ ಹಾಡೇ ಆಗಿತ್ತು. ದಮಯಂತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಚೆನ್ನಯ ಕಣ್ಣು ಮುಚ್ಚಿಕೊಂಡಿದ್ದ. ಶೋ ದಿನದವರೆಗೆ ದೇಜಪ್ಪ ಮತ್ತೆ ಮತ್ತೆ ಟಿಟ್ವಾಳಾಕ್ಕೆ ಹೋದ. ಸೆಕೆಂಡನ್ನು ಯತಿನ ದೇಜಪ್ಪನಿಂದಲೇ ಕಲಿತುಕೊಂಡ. ಎರಡನೆಯ ರಿಹರ್ಸಲ್ಲಿನಲ್ಲಿ ದೇಜಪ್ಪ ಫಸ್ಟಿನ ಕುರ್ಚಿಯಲ್ಲಿ ಕೂತಾಗ ಸಂಕರ್ಷಣ ಏನೂ ಕೇಳದೆ ಕೈಮುಗಿದ. ಮೇಲಿನ ಸ್ವರ ಆ ದಿನ ಎರಡು ಸಲ ಒಡೆಯಿತು. ಹಲ್ಲು ನೋಯುತ್ತಿತ್ತು.

ಆದಿತ್ಯವಾರ ಸಂಜೆ ಡೊಂಬಿವಲಿಯ ಹಾಲು ತುಂಬಿತ್ತು. ಜಯಲತಾ ಮುಂದಿನ ಸಾಲುಗಳಲ್ಲೆಲ್ಲೋ ಇದ್ದಳು. ದೀಪದ ಬೆಳಕಿಗೆ ದೇಜಪ್ಪನಿಗೆ ಕಾಣಲಿಲ್ಲ. ಅವನು ಬಿಳಿ ಅಂಗಿ ಹಾಕಿ ಫಸ್ಟಿನ ಕುರ್ಚಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಯತಿನ. ಆ ಹಾಡಿನ ಸರದಿ ಬಂದಾಗ ಸಂಕರ್ಷಣ ಅವರ ಕಡೆ ತಿರುಗಿ ಕೈ ಎತ್ತಿದ.

ಎರಡೂ ಟ್ರಂಪೆಟ್ ಒಟ್ಟಿಗೆ ಎದ್ದವು. ಮೊದಲ ಸ್ವರಕ್ಕೇ ಸಭೆಯಲ್ಲಿ ಗುಜುಗುಜು ಎದ್ದಿತು, ಜನಕ್ಕೆ ಗೊತ್ತಾಯಿತು. ದೇಜಪ್ಪ ಹತ್ತಿದ. ನಾಲ್ಕನೆಯ ಸ್ವರ ದಾಟಿತು. ಉಸಿರು ತೆಗೆಯುವ ಜಾಗ ಬಂತು, ತೆಗೆಯಲಿಲ್ಲ. ಪಕ್ಕದಲ್ಲಿ ಯತಿನನ ಉಸಿರಿನ ಸದ್ದು ಕೇಳಿಸಿತು. ತುದಿ ಸಿಕ್ಕಿತು. ಸಿಕ್ಕಿದ ಕೂಡಲೇ ಹಲ್ಲು ಸರಿದು ಸ್ವರ ನಡುಗಿತು. ಇನ್ನು ಒಡೆಯುತ್ತದೆ ಎಂದುಕೊಂಡ.

ಆಗ ಕೆಳಗಿನಿಂದ ಯತಿನನ ಟ್ರಂಪೆಟ್ ಮೆಟ್ಟಿಲಿಳಿಯತೊಡಗಿತು. ಒಂದು, ಇನ್ನೊಂದು, ಮತ್ತೊಂದು. ದೇಜಪ್ಪ ಸಾವಿರ ಸಲ ಊದಿದ್ದ ಸ್ವರಗಳು ಅವು. ರಿಹರ್ಸಲ್ಲಿನಲ್ಲಿ ಮೇಲಿನದರ ಭಯದಲ್ಲಿ ಕಿವಿಗೆ ಬಿದ್ದಿರಲಿಲ್ಲ, ಹೊರಗಿನಿಂದ ಕೇಳಿದ್ದು ಇದೇ ಮೊದಲು. ಅವು ಒಂದೊಂದು ಮೆಟ್ಟಿಲು ಇಳಿದ ಹಾಗೂ ಮೇಲಿನ ಸ್ವರ, ತಾನು ಏನೂ ಮಾಡದೆಯೇ, ಇನ್ನಷ್ಟು ಎತ್ತರದಲ್ಲಿ ನಿಂತ ಹಾಗೆ ಕೇಳುತ್ತಿತ್ತು. ಭಾರದ ಮೂಟೆಗೆ ಇನ್ನೊಬ್ಬರು ಕೆಳಗಿನಿಂದ ಹೆಗಲು ಕೊಟ್ಟಂತೆ ತುಟಿ ಹಗುರವಾಯಿತು. ನಡುಕ ನಿಂತಿತು. ಚೆನ್ನಯಣ್ಣನಿಗೆ ಇಷ್ಟು ವರ್ಷ ಇದು ಕೇಳುತ್ತಿತ್ತು. ಒಮ್ಮೆಯೂ ಹೇಳಿರಲಿಲ್ಲ. ಕೆಳಗಿನದನ್ನು ಊದುವವನಿಗೆ ಅದು ಗೊತ್ತೇ ಇರುತ್ತದೆ ಎಂದು ತಿಳಿದಿರಬೇಕು.

ಹಾಡುವವನು ಶುರು ಮಾಡಿದ, ಚಪ್ಪಾಳೆ ಎಲ್ಲ ಅವನ ಕಡೆ ಹೋಯಿತು. ದೇಜಪ್ಪ ಟ್ರಂಪೆಟನ್ನು ತೊಡೆಯ ಮೇಲಿಳಿಸಿ ನಾಲಗೆಯಿಂದ ಹಲ್ಲು ಮುಟ್ಟಿ ನೋಡಿದ. ರಕ್ತದ ರುಚಿ ಹತ್ತಿತು. ಹಾಡಿನ ನಡುವೆ ಆ ಪೀಸು ಇನ್ನೊಂದು ಸಲ ಬರುವುದಿತ್ತು.

"ಠೀಕ್ ಥಾ ಮಾಮ?" ಎಂದು ಯತಿನ ಪಿಸುಗುಟ್ಟಿದ.

ದೇಜಪ್ಪ ಅವನ ಕಡೆ ಬಾಗಿದ. "ಈ ಸಲ ಸ್ವಲ್ಪ ನಿಧಾನ ಇಳಿ," ಎಂದ. "ನನಗೆ ಕೇಳ್ಬೇಕು."